ಇಪ್ಪತ್ತೆರಡು ಅಪವರ್ತನಗಳು, ಕಣ್ಣಿಗೆ ಬೀಳದ ಇನ್ನೂ ಇಪ್ಪತ್ತೆರಡು

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಪರಿಪೂರ್ಣ ಸಂಖ್ಯೆಗಳ ಪಾಠದಲ್ಲಿ 6, 28, 496, 8128 ಈ ನಾಲ್ಕರ ಅಪವರ್ತನಗಳನ್ನು ಮಕ್ಕಳಿಂದ ಬರೆಸಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲಿ ತಾನೇ ಲೆಕ್ಕವನ್ನು ಮುಂದುವರಿಸಿ, ಐದನೆಯ ಪರಿಪೂರ್ಣ ಸಂಖ್ಯೆ 20,96,128 ಎಂದು ಬರೆದುಕೊಂಡು ಬಂದಿದ್ದಾಳೆ. ಅದು 1024 × 2047. ಅವಳು 22 ಅಪವರ್ತನಗಳನ್ನು ಪಟ್ಟಿ ಮಾಡಿದ್ದಾಳೆ. ಆ ಸಂಖ್ಯೆಯನ್ನೇ ಬಿಟ್ಟು ಉಳಿದ 21ನ್ನು ಕೂಡಿದರೆ ಸರಿಯಾಗಿ 20,96,128 ಬರುತ್ತದೆ. ಆದರೆ 8128ರ ನಂತರದ ಪರಿಪೂರ್ಣ ಸಂಖ್ಯೆ 3,35,50,336 ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ತಪ್ಪು ಎಲ್ಲಿದೆ? ಮರ್ಸೆನ್ ಅವಿಭಾಜ್ಯ ಸಂಖ್ಯೆಯಿಂದ ಪರಿಪೂರ್ಣ ಸಂಖ್ಯೆಯ ಎಲ್ಲ ಅಪವರ್ತನಗಳನ್ನೂ ಬರೆಯುವ ಕ್ರಮವೇನು? ಅವಳ ಉತ್ಸಾಹ ಕುಂದದಂತೆ ಇದನ್ನು ಹೇಗೆ ತಿಳಿಸಲಿ?

ಉತ್ತರ: ಮೇಡಂ, ನಿಮ್ಮ ವಿದ್ಯಾರ್ಥಿನಿಯ ಕೂಡುವ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ತುಮಕೂರಿನ ನನ್ನ ಮನೆಯಲ್ಲಿ ಕುಳಿತು ನಾನೂ ಎರಡು ಸಲ ಕೂಡಿ ನೋಡಿದೆ. ಅವಳು ಬರೆದ 22 ಸಂಖ್ಯೆಗಳೂ 20,96,128ರ ಅಪವರ್ತನಗಳೇ ಹೌದು. ತೊಡಕಿರುವುದು ಅವಳು ಬರೆಯದೆ ಬಿಟ್ಟವುಗಳಲ್ಲಿ. ಅವೂ ಸರಿಯಾಗಿ 22 ಇವೆ. ಅವುಗಳ ಮೊತ್ತ 2,29,264. ಪರಿಪೂರ್ಣವಾಗಬೇಕಿದ್ದ ಸಂಖ್ಯೆ ಅಷ್ಟರ ಮಟ್ಟಿಗೆ ಗುರಿ ದಾಟಿ ಹೋಗಿದೆ. ಆ 22 ಎಲ್ಲಿ ಅಡಗಿ ಕುಳಿತಿದ್ದವು ಎಂದು ಹುಡುಕಲು ಹೊರಟರೆ ನೀವು ಕೇಳಿದ ಕ್ರಮವೂ ದಾರಿಯಲ್ಲೇ ಸಿಗುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಗಣಿತ ಕಲಿಸಿದ ನನಗೆ ಇಷ್ಟು ಒಳ್ಳೆಯ ತಪ್ಪು ಮಾಡಿದ ವಿದ್ಯಾರ್ಥಿಗಳು ಬಹಳ ಮಂದಿ ಸಿಕ್ಕಿಲ್ಲ.

ಬುಡದಿಂದ ಆರಂಭಿಸೋಣ. ನಿಮ್ಮ ಊರಿನಲ್ಲಿ ರೇಷ್ಮೆಗೂಡಿಗೆ ಬರವಿಲ್ಲ. 28 ಗೂಡುಗಳನ್ನು ತರಗತಿಗೆ ತರಿಸಿ, ಒಂದೂ ಉಳಿಯದಂತೆ ಸಮ ಸಾಲುಗಳಲ್ಲಿ ಜೋಡಿಸಲು ಮಕ್ಕಳಿಗೆ ಹೇಳಿ. 28ರ ಒಂದೇ ಸಾಲು, 14ರ ಎರಡು ಸಾಲು, 7ರ ನಾಲ್ಕು ಸಾಲು. ಇಷ್ಟೇ. ಹೀಗೆ ಸಿಕ್ಕ 1, 2, 4, 7, 14, 28 ಇವು 28ರ ಅಪವರ್ತನಗಳು. ಕೊನೆಯ 28ನ್ನು ಬಿಟ್ಟು ಉಳಿದವನ್ನು ಕೂಡಿದರೆ ಮತ್ತೆ 28. ಈ ಗುಣವಿರುವ ಸಂಖ್ಯೆಗೇ ಪರಿಪೂರ್ಣ ಸಂಖ್ಯೆ ಎಂದು ಹೆಸರು. ಪಟ್ಟಿಯನ್ನು ಇನ್ನೊಮ್ಮೆ ನೋಡಿ: 1, 2, 4 ಒಂದು ಗುಂಪು, 7, 14, 28 ಇನ್ನೊಂದು ಗುಂಪು. ಎರಡರಲ್ಲೂ ಪ್ರತಿ ಸಂಖ್ಯೆ ಹಿಂದಿನದರ ಎರಡರಷ್ಟು. ಮೊದಲ ಗುಂಪು 1ರಿಂದ ಹೊರಡುತ್ತದೆ, ಎರಡನೆಯದು 7ರಿಂದ. ಈ 7 ಎಲ್ಲಿಂದ ಬಂತು? 1, 2, 4 ಕೂಡಿದರೆ ಬರುವ ಸಂಖ್ಯೆಯೇ ಅದು.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ನನ್ನ ತಾಯಿಯ ಅಡುಗೆಮನೆಯಲ್ಲಿ ಕಂಡಿದ್ದೆ. ಅಲ್ಲಿ ಐದು ಅಳತೆಗಳಿದ್ದವು: ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು. ಎರಡು ಚಟಾಕಿಗೆ ಅರೆಪಾವು, ಎರಡು ಅರೆಪಾವಿಗೆ ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಚಟಾಕನ್ನು 1 ಎಂದು ಹಿಡಿದರೆ ಇವು 1, 2, 4, 8, 16. ಐದನ್ನೂ ಒಂದೊಂದು ಸಲ ರಾಗಿ ತುಂಬಿ ಮೊರಕ್ಕೆ ಸುರಿದರೆ ಎಷ್ಟಾಗುತ್ತದೆ? ಕೂಡಲೇಬೇಕೆಂದಿಲ್ಲ. ಮೇಲೆ ಇನ್ನೊಂದು ಚಟಾಕು ಸುರಿಯಿರಿ. ಎರಡು ಚಟಾಕು ಸೇರಿ ಅರೆಪಾವಾಯಿತು. ಅದು ಮೊದಲೇ ಇದ್ದ ಅರೆಪಾವಿನೊಡನೆ ಸೇರಿ ಪಾವಾಯಿತು. ಪಾವು ಪಾವು ಸೇರಿ ಅಚ್ಚೇರು, ಅಚ್ಚೇರು ಅಚ್ಚೇರು ಸೇರಿ ಸೇರು, ಕೊನೆಗೆ ಎರಡು ಸೇರು. ಅಂದರೆ 32 ಚಟಾಕು. ಹೆಚ್ಚಾಗಿ ಸುರಿದ ಒಂದನ್ನು ಕಳೆದರೆ 31. ಒಂದರಿಂದ ಹೊರಟು ಇಮ್ಮಡಿಯಾಗುತ್ತಾ ಹೋಗುವ ಸಂಖ್ಯೆಗಳ ಮೊತ್ತ, ಮುಂದೆ ಬರಬೇಕಿದ್ದ ಸಂಖ್ಯೆಗಿಂತ ಯಾವಾಗಲೂ ಒಂದು ಕಡಿಮೆ. ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ಒಂಬತ್ತನೇ ಶತಮಾನದಲ್ಲೇ ಸೂತ್ರ ಕೊಟ್ಟವರಲ್ಲಿ ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯರೂ ಒಬ್ಬರು ಎನ್ನುವುದನ್ನು ಮಕ್ಕಳಿಗೆ ಹೇಳಿ. ಗಣಿತವೆಲ್ಲ ದೂರದೇಶದಿಂದ ಬಂದದ್ದು ಎಂಬ ಭಾವನೆ ಅವರಲ್ಲಿ ಬೇರೂರಬಾರದು.

ಹೀಗೆ 2ರ ಒಂದು ಘಾತದಿಂದ 1 ಕಳೆದು ಸಿಗುವ 3, 7, 15, 31, 63, 127 ಮುಂತಾದವು ಮರ್ಸೆನ್ ಸಂಖ್ಯೆಗಳು. ಇವುಗಳಲ್ಲಿ ಅವಿಭಾಜ್ಯವಾದವು ಮರ್ಸೆನ್ ಅವಿಭಾಜ್ಯಗಳು: 3, 7, 31, 127. ಘಾತಸೂಚಿಯನ್ನು ‘ಪ’ ಎಂದೂ ಅದರಿಂದ ಸಿಗುವ ಮರ್ಸೆನ್ ಅವಿಭಾಜ್ಯವನ್ನು ‘ಮ’ ಎಂದೂ ಕರೆಯೋಣ. ಪ 5 ಆದರೆ ಮ ಎಂದರೆ 2⁵ − 1, ಅಂದರೆ 31.

ಈಗ ನೀವು ಕೇಳಿದ ಕ್ರಮ. ಹಾಳೆಯಲ್ಲಿ ಎರಡು ಕಂಬಸಾಲು ಎಳೆಯಿರಿ. ಎಡಗಡೆ 1ರಿಂದ ಆರಂಭಿಸಿ ಇಮ್ಮಡಿ ಮಾಡುತ್ತಾ ‘ಪ’ ಸಂಖ್ಯೆಗಳನ್ನು ಬರೆಯಿರಿ. ಬಲಗಡೆ ‘ಮ’ದಿಂದ ಆರಂಭಿಸಿ ಇಮ್ಮಡಿ ಮಾಡುತ್ತಾ ಅಷ್ಟೇ ಸಂಖ್ಯೆಗಳನ್ನು ಬರೆಯಿರಿ. ಬಲಗಡೆಯ ಕೊನೆಯದೇ ಪರಿಪೂರ್ಣ ಸಂಖ್ಯೆ. ಎರಡೂ ಸಾಲು ಸೇರಿ ಅದರ ಅಪವರ್ತನಗಳ ಪೂರ್ಣ ಪಟ್ಟಿ. ಪ 5 ಆದಾಗ ಎಡಕ್ಕೆ 1, 2, 4, 8, 16. ಬಲಕ್ಕೆ 31, 62, 124, 248, 496. ಪ 7 ಆದಾಗ ಎಡಕ್ಕೆ 1, 2, 4, 8, 16, 32, 64. ಬಲಕ್ಕೆ 127, 254, 508, 1016, 2032, 4064, 8128. ಅಪವರ್ತನಗಳ ಸಂಖ್ಯೆ ಯಾವಾಗಲೂ ‘ಪ’ದ ಎರಡರಷ್ಟು. ಎಡಸಾಲನ್ನು ಮೇಲಿನಿಂದಲೂ ಬಲಸಾಲನ್ನು ಕೆಳಗಿನಿಂದಲೂ ಜೋಡಿ ಮಾಡಿದರೆ ಪ್ರತಿ ಜೋಡಿಯ ಗುಣಲಬ್ಧ ಆ ಪರಿಪೂರ್ಣ ಸಂಖ್ಯೆಯೇ: 1 × 8128, 2 × 4064, 4 × 2032, ಹೀಗೆ 64 × 127ರವರೆಗೆ. ಬರೆಯುವಾಗ ಕೈತಪ್ಪಿದ್ದರೆ ಇದರಿಂದ ಕೂಡಲೇ ತಿಳಿಯುತ್ತದೆ.

ಇದರ ತಿರುಗು ದಾರಿಯೂ ಅಷ್ಟೇ ಸುಲಭ. 3,35,50,336 ಎಂಬ ಸಂಖ್ಯೆಯನ್ನು ಕೊಟ್ಟು ಅಪವರ್ತನ ಬರೆಯಿರಿ ಎಂದರೆ 3, 5, 7 ಎಂದು ಒಂದೊಂದರಿಂದಲೇ ಭಾಗಿಸುತ್ತಾ ಕೂರಬೇಕಾಗಿಲ್ಲ. ಬೆಸ ಸಂಖ್ಯೆ ಸಿಗುವ ತನಕ ಅರ್ಧ ಮಾಡುತ್ತಾ ಹೋಗಿ. ಹನ್ನೆರಡು ಸಲ ಅರ್ಧ ಮಾಡಿದ ಮೇಲೆ 8191 ಉಳಿಯುತ್ತದೆ. ಅರ್ಧ ಮಾಡಿದ ಸಲಕ್ಕೆ ಒಂದು ಕೂಡಿಸಿದರೆ ಪ, ಅಂದರೆ 13. 2¹³ ಎಂದರೆ 8192; ಅದರಿಂದ ಒಂದು ಕಳೆದರೆ 8191 ಸರಿಹೋಯಿತು. ಎಡಸಾಲು 1ರಿಂದ 4096ರವರೆಗಿನ ಹದಿಮೂರು ಸಂಖ್ಯೆಗಳು. ಬಲಸಾಲು 8191, 16,382, 32,764, 65,528, 1,31,056, 2,62,112, 5,24,224, 10,48,448, 20,96,896, 41,93,792, 83,87,584, 1,67,75,168, 3,35,50,336. ಒಟ್ಟು 26.

ಮೊತ್ತ ಏಕೆ ಸರಿಹೋಗುತ್ತದೆ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಎಡಸಾಲಿನ ಮೊತ್ತ, ಚಟಾಕು ಸೇರಿನ ಲೆಕ್ಕದಂತೆ, ‘ಮ’. ಅದನ್ನು ಬಲಸಾಲಿನ ನೆತ್ತಿಯಲ್ಲಿರುವ ‘ಮ’ದೊಡನೆ ಕೂಡಿದರೆ ಎರಡು ಮ, ಅದರ ಕೆಳಗಿನದರೊಡನೆ ಕೂಡಿದರೆ ನಾಲ್ಕು ಮ, ಹೀಗೆ ಇಮ್ಮಡಿಯಾಗುತ್ತಾ ಕೊನೆಯ ಸಂಖ್ಯೆಯ ಹೊಸ್ತಿಲಿಗೆ ಬಂದಾಗ ಮೊತ್ತ ಆ ಕೊನೆಯ ಸಂಖ್ಯೆಗೇ ಸಮವಾಗಿರುತ್ತದೆ. ಮೊರದ ರಾಗಿಗೆ ಇನ್ನೊಂದು ಚಟಾಕು ಸುರಿದಾಗ ಆದದ್ದೇ ಇಲ್ಲಿಯೂ ಆಗುತ್ತದೆ.

ಆದರೆ ಮೇಡಂ, ಈ ಕೂಡುವ ಲೆಕ್ಕದಲ್ಲಿ ನಾವು ‘ಮ’ ಅವಿಭಾಜ್ಯ ಎಂಬುದನ್ನು ಎಲ್ಲಾದರೂ ಬಳಸಿದೆವೇ? ಇಲ್ಲ. ಮೊತ್ತ ಸರಿಹೋಗಲು ಅದು ಬೇಕಾಗಿಯೇ ಇಲ್ಲ. ಯಾವ ಘಾತವನ್ನು ತೆಗೆದುಕೊಂಡರೂ ಈ ಎರಡು ಸಾಲುಗಳ ಮೊತ್ತ ಅಚ್ಚುಕಟ್ಟಾಗಿ ಬಂದೇ ಬರುತ್ತದೆ. ಅವಿಭಾಜ್ಯತೆ ಬೇಕಾಗುವುದು ಒಂದೇ ಕಡೆ: ಈ ಎರಡು ಸಾಲುಗಳ ಹೊರಗೆ ಬೇರೆ ಅಪವರ್ತನವಿಲ್ಲ ಎಂದು ಹೇಳುವಾಗ. ನಿಮ್ಮ ವಿದ್ಯಾರ್ಥಿನಿ ಜಾರಿದ್ದು ಅಲ್ಲಿಯೇ.

ಅವಳ ಯೋಚನೆಯ ದಾರಿ ನನಗೆ ಕಾಣುತ್ತಿದೆ. 6, 28, 496, 8128 ಇವುಗಳ ಘಾತಸೂಚಿಗಳು 2, 3, 5, 7. ಇವು ಮೊದಲ ನಾಲ್ಕು ಅವಿಭಾಜ್ಯಗಳು. ಮುಂದಿನ ಅವಿಭಾಜ್ಯ 11. 2¹¹ − 1 ಎಂದರೆ 2047. ಸಾಲು ಬರೆದಳು, ಕೂಡಿದಳು, ಮೊತ್ತ ಬಂತು. ಆದರೆ 2047 ಎಂದರೆ 23 × 89. ಆದ್ದರಿಂದ ಹಾಳೆಯಲ್ಲಿ ಎರಡಲ್ಲ, ನಾಲ್ಕು ಸಾಲುಗಳಿರಬೇಕು: 1ರಿಂದ ಹೊರಟದ್ದು, 23ರಿಂದ ಹೊರಟದ್ದು, 89ರಿಂದ ಹೊರಟದ್ದು, 2047ರಿಂದ ಹೊರಟದ್ದು. ಪ್ರತಿಯೊಂದರಲ್ಲೂ 11 ಸಂಖ್ಯೆಗಳು, ಒಟ್ಟು 44. ಅವಳು ಮೊದಲ ಮತ್ತು ಕೊನೆಯ ಸಾಲನ್ನು ಬರೆದಿದ್ದಾಳೆ. ನಡುವಿನ ಎರಡರಲ್ಲಿ 23, 46, 92 ಎಂದು 23,552ರವರೆಗೆ, 89, 178, 356 ಎಂದು 91,136ರವರೆಗೆ 22 ಸಂಖ್ಯೆಗಳಿವೆ. ಅವುಗಳ ಮೊತ್ತ (23 + 89) × 2047, ಅಂದರೆ 112 × 2047, ಅಂದರೆ 2,29,264. ನಾನು ಮೊದಲೇ ಹೇಳಿದ ಸಂಖ್ಯೆ ಇದೇ. 20,96,128ರ ನಿಜವಾದ ಅಪವರ್ತನ ಮೊತ್ತ 23,25,392.

ಇಲ್ಲಿ ಇನ್ನೊಂದು ಎಚ್ಚರಿಕೆ. 6ರ ನಂತರದ ಸಮ ಪರಿಪೂರ್ಣ ಸಂಖ್ಯೆಗಳ ಅಂಕಿಗಳನ್ನು ಒಂದೇ ಅಂಕಿ ಉಳಿಯುವ ತನಕ ಕೂಡುತ್ತಾ ಹೋದರೆ 1 ಬರುತ್ತದೆ: 496ರಿಂದ 19, 10, 1. ಸಮ ಪರಿಪೂರ್ಣ ಸಂಖ್ಯೆಗಳ ಕೊನೆಯ ಅಂಕಿ 6 ಅಥವಾ 8. ಇವೆರಡನ್ನೂ ತಾಳೆ ನೋಡುವ ಉಪಾಯವೆಂದು ಹಲವರು ಕಲಿಸುತ್ತಾರೆ. 20,96,128ನ್ನು ಪರೀಕ್ಷಿಸಿ: ಅಂಕಿಗಳ ಮೊತ್ತ 28, 10, 1, ಕೊನೆಯ ಅಂಕಿ 8. ಎರಡರಲ್ಲೂ ಪಾಸಾಯಿತು. ಈ ಗುರುತುಗಳು ಗುಣಾಕಾರದ ತಪ್ಪನ್ನು ಹಿಡಿಯಬಲ್ಲವು. ‘ಮ’ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಹಿಡಿಯಲಾರವು.

ಇಂತಹ ಜಾರು ನೆಲದಲ್ಲಿ ದೊಡ್ಡವರೂ ಬಿದ್ದಿದ್ದಾರೆ. ಘಾತಸೂಚಿ ಅವಿಭಾಜ್ಯವಾದರೆ ಸಾಕು ಎಂದು ಯೂರೋಪಿನಲ್ಲಿ ಹಲವರು ನಂಬಿದ್ದರು. 2047 ಎಂದರೆ 23 × 89 ಎಂದು 1536ರಲ್ಲಿ ಹುಡಾಲ್ರಿಕಸ್ ರೆಜಿಯಸ್ ತೋರಿಸಿದ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರೆನ್ ಮರ್ಸೆನ್ 257ರವರೆಗಿನ ಘಾತಸೂಚಿಗಳಲ್ಲಿ 2, 3, 5, 7, 13, 17, 19, 31, 67, 127, 257 ಇವು ಮಾತ್ರ ಅವಿಭಾಜ್ಯವನ್ನು ಕೊಡುತ್ತವೆ ಎಂದು ಬರೆದರು. ಅವರ ಹೆಸರೇ ಈ ಸಂಖ್ಯೆಗಳಿಗೆ ಉಳಿಯಿತು, ಪಟ್ಟಿ ಮಾತ್ರ ಉಳಿಯಲಿಲ್ಲ. 67 ಮತ್ತು 257 ತಪ್ಪು; 61, 89, 107 ಬಿಟ್ಟುಹೋಗಿದ್ದವು. 67ರ ಕಥೆ ನಿಮ್ಮ ತರಗತಿಗೆ ತಕ್ಕದ್ದು. 2⁶⁷ − 1 ಅವಿಭಾಜ್ಯವಲ್ಲ ಎಂದು 1876ರಲ್ಲಿ ಎದುವಾರ್ ಲ್ಯೂಕಾ ತೋರಿಸಿದರು. ಆದರೆ ಅದನ್ನು ಯಾವುದು ಭಾಗಿಸುತ್ತದೆ ಎಂದು ಅವರಿಗೂ ತಿಳಿಯಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಆ 21 ಅಂಕಿಗಳ ಸಂಖ್ಯೆ 19,37,07,721 × 7,61,83,82,57,287 ಎಂದು ಗಣಿತಜ್ಞರ ಸಭೆಯ ಮುಂದಿಟ್ಟರು. ಮರ್ಸೆನ್ ಮಾತನ್ನು ನಂಬಿ ಯಾರಾದರೂ ಎರಡು ಸಾಲು ಎಳೆದಿದ್ದರೆ 134 ಅಪವರ್ತನಗಳನ್ನು ಬರೆದು, ಮೊತ್ತವೂ ಸರಿಹೋಗಿ, ಇನ್ನು 134ನ್ನು ಕಾಣದೇ ಇರುತ್ತಿದ್ದರು. ನಿಮ್ಮ ಹುಡುಗಿಗೆ ಆದದ್ದೂ ಅದೇ.

ಹಾಗಾದರೆ ಘಾತಸೂಚಿ ಅವಿಭಾಜ್ಯವಾಗಿರಬೇಕು ಎಂಬ ಮಾತೇ ಸುಳ್ಳೇ? ಅಲ್ಲ. ಅದು ಬೇಕು, ಆದರೆ ಸಾಲದು. ಇದನ್ನು ಕನ್ನಡ ತರಗತಿಯ ಛಂದಸ್ಸಿನಿಂದ ವಿವರಿಸಿದರೆ ಮಕ್ಕಳಿಗೆ ಬೇಗ ಹಿಡಿಯುತ್ತದೆ. ದ್ವಿಮಾನ ಪದ್ಧತಿಯಲ್ಲಿ 1ನ್ನು ಗುರು ಎಂದೂ 0ಯನ್ನು ಲಘು ಎಂದೂ ಎಣಿಸಿ ಪ್ರಸ್ತಾರ ಹಾಕಿ. 7 ಎಂದರೆ 111, ಮೂರು ಗುರು, ಅಂದರೆ ಮಗಣ. ಮರ್ಸೆನ್ ಸಂಖ್ಯೆಗಳೆಲ್ಲ ಬರೀ ಗುರುಗಳ ಸಾಲು. ಪರಿಪೂರ್ಣ ಸಂಖ್ಯೆಯಲ್ಲಿ ಗುರುಗಳ ಹಿಂದೆ ಲಘುಗಳು, ಗುರುಗಳಿಗಿಂತ ಒಂದು ಕಡಿಮೆ: 28 ಎಂದರೆ 11100, 496 ಎಂದರೆ 111110000. ಈಗ 63ನ್ನು ನೋಡಿ: 111111, ಆರು ಗುರು. ಅದನ್ನು ಎರಡು ಮಗಣಗಳಾಗಿ ಒಡೆಯಬಹುದು, ಆದ್ದರಿಂದ 7 ಅದನ್ನು ಭಾಗಿಸುತ್ತದೆ. ಎರಡೆರಡು ಗುರುಗಳ ಮೂರು ತುಂಡಾಗಿಯೂ ಒಡೆಯಬಹುದು, ಆದ್ದರಿಂದ 3 ಕೂಡ ಭಾಗಿಸುತ್ತದೆ. ಗುರುಗಳ ಎಣಿಕೆ ಸಂಯುಕ್ತ ಸಂಖ್ಯೆಯಾದರೆ ಸಾಲು ಸಮ ತುಂಡುಗಳಾಗಿ ಒಡೆದೇ ಒಡೆಯುತ್ತದೆ. ಹನ್ನೊಂದು ಗುರುಗಳನ್ನು ಹಾಗೆ ಒಡೆಯಲಾಗದು. ಈ ಬಾಗಿಲಿನಿಂದ ಅಪವರ್ತನ ಒಳಗೆ ಬರುವಂತಿಲ್ಲ. 23 ಬಂದದ್ದು ಬೇರೆ ಬಾಗಿಲಿನಿಂದ.

ಆ ಬೇರೆ ಬಾಗಿಲನ್ನು ನೋಡುವುದೇ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. 1ರಿಂದ ಆರಂಭಿಸಿ ಇಮ್ಮಡಿ ಮಾಡುತ್ತಾ ಹೋಗಿ. 23 ದಾಟಿದಾಗಲೆಲ್ಲ 23 ಕಳೆದುಬಿಡಿ. 2, 4, 8, 16, ಆಮೇಲೆ 32ರ ಬದಲು 9, 18, 36ರ ಬದಲು 13, 3, 6, 12, ಕೊನೆಗೆ 24ರ ಬದಲು 1. ಹನ್ನೊಂದು ಹೆಜ್ಜೆಗೆ ಹೊರಟಲ್ಲಿಗೇ ಬಂದೆವು. ಅಂದರೆ 2¹¹ಅನ್ನು 23ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ 2047 ಶೇಷವಿಲ್ಲದೆ ಭಾಗವಾಗುತ್ತದೆ. ಇಲ್ಲಿ ಫರ್ಮಾ ಎಂಬ ಮಹಾನುಭಾವರ ಒಂದು ಪ್ರಮೇಯ ನೆರವಿಗೆ ಬರುತ್ತದೆ: ಯಾವುದೇ ಬೆಸ ಅವಿಭಾಜ್ಯವನ್ನು ಹೀಗೆ ಕಳೆಯುತ್ತಾ ಹೋದರೆ, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಹೆಜ್ಜೆಗಳಲ್ಲಿ ನಾವು ಮತ್ತೆ 1ರಲ್ಲಿ ನಿಂತಿರುತ್ತೇವೆ. 23ಕ್ಕೆ 22 ಹೆಜ್ಜೆ, ಅಂದರೆ ಹನ್ನೊಂದರ ಎರಡು ಸುತ್ತು. ಸುತ್ತು ಅರ್ಧಕ್ಕೆ ನಿಲ್ಲುವಂತಿಲ್ಲ. ಆದ್ದರಿಂದ ಪ ಅವಿಭಾಜ್ಯವಾಗಿದ್ದರೆ, 2ರ ‘ಪ’ ಘಾತದಿಂದ 1 ಕಳೆದ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದರಿಂದ 1 ಕಳೆದರೆ ಉಳಿಯುವುದು ‘ಪ’ದ ಗುಣಕವಾಗಿರಲೇಬೇಕು, ಅದು ಸಮ ಸಂಖ್ಯೆಯೂ ಆಗಿರುವುದರಿಂದ, ಪ ಬೆಸವಾದಾಗ, ‘ಪ’ದ ಎರಡರಷ್ಟರ ಗುಣಕ. ಕೋಲ್ ಕಂಡುಹಿಡಿದ 19,37,07,721ರಿಂದ ಒಂದು ಕಳೆದು 134ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ.

ಇದರಿಂದ ಕೆಲಸ ಎಷ್ಟು ಹಗುರವಾಗುತ್ತದೆ ಎಂದರೆ, 8191 ಅವಿಭಾಜ್ಯವೇ ಎಂದು ಪರೀಕ್ಷಿಸಲು ಮಾಮೂಲಿ ದಾರಿಯಲ್ಲಿ ಅದರ ವರ್ಗಮೂಲವಾದ 90ರವರೆಗಿನ ಅವಿಭಾಜ್ಯಗಳನ್ನೆಲ್ಲ ಒಂದೊಂದಾಗಿ ಪ್ರಯತ್ನಿಸಬೇಕು. ಈ ದಾರಿಯಲ್ಲಿ 26ರ ಗುಣಕಗಳಿಗೆ 1 ಕೂಡಿಸಿದರೆ ಸಾಕು: 27, 53, 79. 27 ಅವಿಭಾಜ್ಯವೇ ಅಲ್ಲ. 53ರಿಂದ ಭಾಗಿಸಿದರೆ ಶೇಷ 29, 79ರಿಂದ ಭಾಗಿಸಿದರೆ ಶೇಷ 54. ಮುಗಿಯಿತು, 8191 ಅವಿಭಾಜ್ಯ. 3,35,50,336ರ 26 ಅಪವರ್ತನಗಳ ಪಟ್ಟಿ ಪೂರ್ಣ. ಇನ್ನೂ ಒಂದು ಜರಡಿ ಇದೆ. ಪ ಬೆಸವಾಗಿದ್ದಾಗ ಇಂತಹ ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು. ಅದರಲ್ಲಿ 53 ಕೂಡ ಉದುರಿಹೋಗಿ 79 ಒಂದೇ ಉಳಿಯುತ್ತದೆ. ಇದರ ಸಾಧನೆ ಪ್ರೌಢಶಾಲೆಗೆ ಸ್ವಲ್ಪ ಭಾರ. ನಿಯಮವನ್ನು ಹೇಳಿ, ಸಾಧನೆ ಮುಂದೆ ಬರುತ್ತದೆ ಎಂದು ತಿಳಿಸಿದರೆ ಸಾಕು. 2047ಕ್ಕೆ ವರ್ಗಮೂಲದ ಒಳಗೆ 22ರ ಗುಣಕಕ್ಕೆ ಒಂದು ಕೂಡಿಸಿದವು 23 ಮತ್ತು 45 ಮಾತ್ರ. ಮೊದಲ ಬಡಿತಕ್ಕೇ ಬಾಗಿಲು ತೆರೆಯುತ್ತಿತ್ತು.

ಘಾತಸೂಚಿ ದೊಡ್ಡದಾದಂತೆ ಈ ಭಾಗಾಕಾರವೂ ಕೈಮೀರುತ್ತದೆ. ಆಗ ಲ್ಯೂಕಾ ಕಂಡುಕೊಂಡ, ಲೆಹ್ಮರ್ 1930ರಲ್ಲಿ ಸರಳಗೊಳಿಸಿದ ಪರೀಕ್ಷೆಯೇ ಗತಿ. 4ರಿಂದ ಆರಂಭಿಸಿ, ವರ್ಗ ಮಾಡಿ, 2 ಕಳೆಯಿರಿ, ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಿ. ಹೀಗೆ ‘ಪ’ಕ್ಕಿಂತ ಎರಡು ಕಡಿಮೆ ಸಲ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ, ಪ ಬೆಸ ಅವಿಭಾಜ್ಯವಾಗಿರಬೇಕು, ಅಷ್ಟೇ. 31ಕ್ಕೆ 4, 14, 8, 0. 127ಕ್ಕೆ 4, 14, 67, 42, 111, 0. ಆ 111ರ ವರ್ಗದಿಂದ 2 ಕಳೆದ 12,319 ಎಂಬುದು 127 × 97ಕ್ಕೆ ಸರಿಯಾಗಿ ಸಮವಾಗುವುದನ್ನು ಮಕ್ಕಳೇ ಕರಿಹಲಗೆಯ ಮೇಲೆ ಕಂಡುಕೊಳ್ಳಲಿ. 2047ಕ್ಕೆ ಒಂಬತ್ತು ಸಲದ ಕೊನೆಗೆ 1736 ಉಳಿಯುತ್ತದೆ, ಸೊನ್ನೆಯಲ್ಲ. ಗಮನಿಸಬೇಕಾದದ್ದು, ಈ ಪರೀಕ್ಷೆ 23ನ್ನಾಗಲಿ 89ನ್ನಾಗಲಿ ತೋರಿಸಿಕೊಡುವುದಿಲ್ಲ. ಒಳಗೆ ಯಾರೋ ಇದ್ದಾರೆ ಎಂದು ಹೇಳುತ್ತದೆ, ಯಾರೆಂದು ಹೇಳುವುದಿಲ್ಲ. 2¹²⁷⁷ − 1 ಎಂಬ 385 ಅಂಕಿಗಳ ಸಂಖ್ಯೆ ಸಂಯುಕ್ತ ಎಂದು ಗೊತ್ತಿದ್ದರೂ ಅದರ ಒಂದೇ ಒಂದು ಅಪವರ್ತನವೂ ಈವರೆಗೆ ಸಿಕ್ಕಿಲ್ಲ. ಇನ್ನೊಂದು ಕಡೆ, 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ 52ನೆಯ ಮರ್ಸೆನ್ ಅವಿಭಾಜ್ಯದ ಘಾತಸೂಚಿ 13,62,79,841. ಅದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗೆ ಎಂಟು ಕೋಟಿಗೂ ಹೆಚ್ಚು ಅಂಕಿಗಳು. ಅದರ ಅಪವರ್ತನಗಳು 27,25,59,682. ಅಷ್ಟೂ ನಮಗೆ ಗೊತ್ತು, ಎರಡೇ ಸಾಲುಗಳಲ್ಲಿವೆ. ಪರಿಪೂರ್ಣ ಸಂಖ್ಯೆಯ ಅಪವರ್ತನಗಳನ್ನು ಯಾರೂ ಹುಡುಕುವುದಿಲ್ಲ, ಬರೆಯುತ್ತಾರೆ. ಹುಡುಕಾಟವೆಲ್ಲ ‘ಮ’ ಅವಿಭಾಜ್ಯವೇ ಎಂಬ ಒಂದು ಪ್ರಶ್ನೆಯೊಳಗೆ ಮುಗಿದಿರುತ್ತದೆ.

ಎಲ್ಲ ಪರಿಪೂರ್ಣ ಸಂಖ್ಯೆಗಳೂ ಹೀಗೇ ಇರುತ್ತವೆಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮರ್ಸೆನ್ ಅವಿಭಾಜ್ಯದಿಂದ ಪರಿಪೂರ್ಣ ಸಂಖ್ಯೆ ಸಿಗುತ್ತದೆ ಎಂದು ಕ್ರಿಸ್ತಪೂರ್ವ 300ರ ಸುಮಾರಿಗೆ ಯೂಕ್ಲಿಡ್ ಸಾಧಿಸಿದ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೆ ಸಿಕ್ಕವೇ, ಬೇರೆ ಬಗೆಯವು ಇಲ್ಲ ಎಂದು ಹದಿನೆಂಟನೇ ಶತಮಾನದಲ್ಲಿ ಆಯ್ಲರ್ ಸಾಧಿಸಿದ. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ; ಇದ್ದರೆ ಅದು 10ರ 1500ನೆಯ ಘಾತಕ್ಕಿಂತ ದೊಡ್ಡದು ಎಂದು 2012ರಲ್ಲಿ ಸಾಧಿತವಾಗಿದೆ.

ಕೊನೆಗೆ, ಹುಡುಗಿಗೆ ಹೇಳುವ ಬಗೆ. ತಪ್ಪು ಎಂದು ಕೆಂಪು ಶಾಯಿಯಲ್ಲಿ ಬರೆಯಬೇಡಿ. ನಿನ್ನ ಮೊತ್ತ ಸರಿಯಾಗಿದೆ ಎಂದು ಮೊದಲು ಹೇಳಿ, ಏಕೆಂದರೆ ಅದು ಸತ್ಯ. ಆಮೇಲೆ ಒಂದೇ ಪ್ರಶ್ನೆ ಕೇಳಿ: ‘2047ನ್ನು ನೀನು ಯಾವ ಯಾವ ಸಂಖ್ಯೆಯಿಂದ ಭಾಗಿಸಿ ನೋಡಿದೆ?’ 3, 5, 7, 11, 13ರವರೆಗೆ ನೋಡಿ ನಿಲ್ಲಿಸಿರಬಹುದು. ನಾನು ಕಂಡ ಮಕ್ಕಳಲ್ಲಿ ಹೆಚ್ಚಿನವರು ಅಷ್ಟಕ್ಕೇ ದಣಿದಿರುತ್ತಾರೆ. 23ನ್ನು ನೀವು ಹೇಳಬೇಡಿ. ಇಮ್ಮಡಿ ಮಾಡಿ ಕಳೆಯುವ ಆಟವನ್ನು ಕಲಿಸಿ, ಹನ್ನೊಂದನೇ ಹೆಜ್ಜೆಗೆ 1 ಬಂದಾಗ ಅವಳ ಮುಖ ನೋಡಿ. ಕಾಣೆಯಾದ ಎರಡು ಸಾಲುಗಳನ್ನು ಅವಳೇ ಬರೆದು 2,29,264 ಕೂಡಿಸಲಿ.

ಅದಾದ ಮೇಲೆ ಅವಳಿಗೆ ಎರಡು ಘಾತಸೂಚಿಗಳನ್ನು ಕೊಡಿ, 17 ಮತ್ತು 23. ಯಾವುದು ಪರಿಪೂರ್ಣ ಸಂಖ್ಯೆ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂದು ಅವಳೇ ನಿರ್ಧರಿಸಲಿ. 17ಕ್ಕೆ 1,31,071 ಬರುತ್ತದೆ, ವರ್ಗಮೂಲ 362. 34ರ ಗುಣಕಗಳಿಗೆ ಒಂದು ಕೂಡಿಸಿದವುಗಳಲ್ಲಿ ಅವಿಭಾಜ್ಯವಾದವು 103, 137, 239, 307 ನಾಲ್ಕೇ. 8ರ ಜರಡಿಯಲ್ಲಿ 307 ಉದುರುತ್ತದೆ. ಉಳಿದ ಮೂರು ಭಾಗಾಕಾರಗಳಲ್ಲಿ ಶೇಷ 55, 99, 99 ಬರುತ್ತದೆ. ಎರಡು ಸಲ ಒಂದೇ ಶೇಷ ಬಂದದ್ದು ಏಕೆ ಎಂದು ಅವಳು ಕೇಳಿದರೆ 4 × 137 × 239 ಎಷ್ಟೆಂದು ಗುಣಿಸಲು ಹೇಳಿ. 34 ಅಪವರ್ತನಗಳ ಪಟ್ಟಿಯ ತುದಿಯಲ್ಲಿ 8,58,98,69,056 ಬಂದು ನಿಲ್ಲುತ್ತದೆ. 23ಕ್ಕೆ 83,88,607 ಬರುತ್ತದೆ. ಅದರ ಮೊದಲ ಅಭ್ಯರ್ಥಿ 47. ಅದನ್ನು ಮಾತ್ರ ನೀವು ಬಾಯಿ ಬಿಟ್ಟು ಹೇಳಬೇಡಿ.